ಬೆಳಗಾಗಲಿ ನೋಡೋಣ ಅನ್ನಬೇಡಿ

"ಅಯ್ಯೋ, ಸಂಜೆ ಕಾಫಿ ಕುಡಿಯೋ ತನಕ ಚೆನ್ನಾಗೇ ಇದ್ರು ಕಣ್ರೀ. ಇದ್ದಕ್ಕಿದ್ದ ಹಾಗೆ ಬಾಯಿ ಸೊಟ್ಟಗಾಯ್ತು, ಕೈಯಲ್ಲಿದ್ದ ಲೋಟ ಬಿದ್ದುಹೋಯ್ತು." ಇಂಥ ಮಾತನ್ನ ನಾವೆಲ್ಲ ಒಂದಲ್ಲ ಒಂದು ಮನೆಯಲ್ಲಿ ಕೇಳಿರ್ತೀವಿ. ಕೇಳಿ "ಪಾಪ" ಅಂದು ಸುಮ್ಮನಾಗಿರ್ತೀವಿ. ಆಮೇಲೆ ಏನಾಯ್ತು, ಆಸ್ಪತ್ರೆಗೆ ಎಷ್ಟು ಹೊತ್ತಿಗೆ ಕರ್ಕೊಂಡು ಹೋದ್ರು ಅಂತ ಕೇಳೋರು ಕಡಿಮೆ. ನಿಜ ಹೇಳಬೇಕಂದ್ರೆ ಕೇಳಬೇಕಾದ ಪ್ರಶ್ನೆ ಅದೇ.

ನಮ್ಮಲ್ಲಿ ಬಹಳಷ್ಟು ಜನ ಸಂಸಾರ ಹೂಡಿರೋದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ. ಅಪ್ಪ-ಅಮ್ಮ, ಅತ್ತೆ-ಮಾವ ಮಾತ್ರ ಊರು ಬಿಟ್ಟು ಬರೋಲ್ಲ. ಸಾಲಿಗ್ರಾಮ, ಮಿರ್ಲೆ, ಚುಂಚನಕಟ್ಟೆ, ಬೆಟ್ಟದಪುರ, ಸರಗೂರು ಅಂತ ಅಲ್ಲೇ ಇರ್ತಾರೆ. ರಾತ್ರಿ ಎಂಟಕ್ಕೋ ಒಂಬತ್ತಕ್ಕೋ ಫೋನ್ ಬರುತ್ತೆ. "ಅಪ್ಪಂಗೆ ಯಾಕೋ ಮಾತು ತೊದಲ್ತಿದೆ ಕಣೆ, ಎಡಗೈ ಎತ್ತೋಕಾಗ್ತಿಲ್ಲ ಅಂತಾರೆ. ಗದ್ದೆಗೆ ಹೋಗಿದ್ರಲ್ಲ, ಸುಸ್ತಾಗಿರಬೇಕು. ಮಲಗಿಸಿದ್ದೀವಿ, ಬೆಳಗಾಗಲಿ ನೋಡೋಣ." ಆ ಫೋನಿನಲ್ಲಿ ನೀವು ಏನು ಹೇಳ್ತೀರಿ ಅನ್ನೋದರ ಮೇಲೆ ಅವರ ಮುಂದಿನ ಬದುಕು ನಿಂತಿರುತ್ತೆ. ಇದು ಹೆದರಿಸೋಕೆ ಹೇಳ್ತಿರೋ ಮಾತಲ್ಲ, ಲೆಕ್ಕ ಹಾಕಿದ್ರೆ ಸಿಗೋ ಮಾತು. ಆ ಲೆಕ್ಕವನ್ನ ಮುಂದೆ ನೋಡೋಣ.

ಲಕ್ವ ಹೊಡೆದ ಮನೆಗಳಲ್ಲಿ ಒಂದು ವಿಚಿತ್ರ ಕಾಣುತ್ತೆ. ಮೊದಲ ಗಂಟೆಗಳಲ್ಲಿ ಅವಸರ ಮಾಡಬೇಕು, ಆಗ ಎಲ್ಲರೂ ನಿಧಾನ ಮಾಡ್ತಾರೆ. ಆಮೇಲಿನ ತಿಂಗಳುಗಳಲ್ಲಿ ತಾಳ್ಮೆ ಬೇಕು, ಆಗ ಎಲ್ಲರಿಗೂ ಅವಸರ. "ಹದಿನೈದು ದಿನ ಆಯ್ತು, ಇನ್ನೂ ಕೈ ಎದ್ದಿಲ್ಲ, ಇನ್ನು ಇಷ್ಟೇ" ಅಂತ ಕೈಚೆಲ್ಲಿಬಿಡ್ತಾರೆ. ಈ ತಿರುಗಾಮುರುಗಾ ಆಗೋದನ್ನ ತಪ್ಪಿಸಿದ್ರೆ ಎಷ್ಟೋ ಜನ ಮತ್ತೆ ತಮ್ಮ ಕಾಲ ಮೇಲೆ ನಿಂತಾರು.

ಹೆಸರಿನಲ್ಲೇ ಗೊಂದಲ

ಮೊದಲು ಹೆಸರು ಸರಿ ಮಾಡ್ಕೊಳ್ಳೋಣ. ಪುಸ್ತಕದಲ್ಲಿ ಪಾರ್ಶ್ವವಾಯು ಅಂತಾರೆ, ಊರಲ್ಲಿ ಲಕ್ವ ಅಂತಾರೆ, ಡಾಕ್ಟರು ಸ್ಟ್ರೋಕ್ ಅಂತಾರೆ. ನಮ್ಮ ಜನ ಎದೆನೋವು ಬಂದ್ರೂ "ಸ್ಟ್ರೋಕ್ ಆಯ್ತಂತೆ" ಅಂದುಬಿಡೋದುಂಟು. ಹೃದಯಾಘಾತ ಬೇರೆ, ಪಾರ್ಶ್ವವಾಯು ಬೇರೆ. ಮೊದಲನೇದು ಹೃದಯಕ್ಕೆ ರಕ್ತ ಸಿಗದೆ ಆಗೋದು, ಎರಡನೇದು ಮಿದುಳಿಗೆ ರಕ್ತ ಸಿಗದೆ ಆಗೋದು. ಹೋಗಬೇಕಾದ ಆಸ್ಪತ್ರೆಯೂ ಬೇರೆ ಆಗಬಹುದು. ಸಿಟಿ ಸ್ಕ್ಯಾನ್ ಇಲ್ಲದ ಕಡೆ ಪಾರ್ಶ್ವವಾಯುವಿಗೆ ಮುಖ್ಯ ಚಿಕಿತ್ಸೆ ಶುರು ಮಾಡೋಕೇ ಆಗಲ್ಲ.

ಇನ್ನೊಂದು ಗೊಂದಲ "ವಾಯು" ಅನ್ನೋ ಪದದ್ದು. ವಾಯು ಅಂದ್ಕೂಡಲೇ ತಂಗಾಳಿ ಬಡಿದಿದೆ, ಗಾಳಿ ಸೋಕಿದೆ ಅನ್ನೋ ಮಾತು ಬರುತ್ತೆ. ಎಣ್ಣೆ ಕಾಯಿಸಿ ತಿಕ್ಕೋದು, ನಾಟಿ ಔಷಧಿಯವರನ್ನ ಹುಡುಕೋದು, ಪಾರಿವಾಳದ ರಕ್ತ ಹಚ್ಚೋದು ಇವೆಲ್ಲ ಅಲ್ಲಿಂದ ಶುರು. ಕೈಕಾಲು ಬಿದ್ದುಹೋಗಿರೋದು ಕಣ್ಣಿಗೆ ಕಾಣುತ್ತೆ, ಆದ್ದರಿಂದ ಕೈಕಾಲಿಗೇ ಮದ್ದು ಮಾಡ್ತೀವಿ. ರೋಗ ಇರೋದು ತಲೆಯೊಳಗೆ.

ಒಳಗೆ ಏನಾಗುತ್ತೆ?

ನಮ್ಮ ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದ್ರೆ ದೇಹ ಬಳಸೋ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದಕ್ಕೇ ಬೇಕು. ನಾಳೆಗೆ ಅಂತ ಕೂಡಿಟ್ಟುಕೊಳ್ಳೋ ಡಬ್ಬ ಅದರ ಹತ್ರ ಇಲ್ಲ. ರಕ್ತ ಬರೋದು ನಿಂತ ಕೆಲವೇ ನಿಮಿಷಕ್ಕೆ ಜೀವಕೋಶಗಳು ಸಾಯೋಕೆ ಶುರು.

ರಕ್ತ ನಿಲ್ಲೋದು ಎರಡು ರೀತಿ. ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಹಾಕ್ಕೊಂಡು ದಾರಿ ಮುಚ್ಚಬಹುದು. ಅಡುಗೆಮನೆ ಸಿಂಕಿನ ಪೈಪು ಕಟ್ಟಿಕೊಂಡ ಹಾಗೆ. ಹೆಚ್ಚಿನವರಿಗೆ ಆಗೋದು ಇದೇ. ಇಲ್ಲವೇ ರಕ್ತನಾಳ ಒಡೆದು ಮಿದುಳಿನೊಳಗೆ ರಕ್ತ ಸೋರಬಹುದು. ಹೊರಗಿಂದ ನೋಡೋಕೆ ಎರಡೂ ಒಂದೇ ಥರ. ಅದೇ ಸೊಟ್ಟ ಬಾಯಿ, ಅದೇ ಬಿದ್ದ ಕೈ. ಯಾವುದು ಅಂತ ಹೇಳೋಕೆ ಎಂಥ ದೊಡ್ಡ ಡಾಕ್ಟರಿಗೂ ಸ್ಕ್ಯಾನ್ ಬೇಕೇ ಬೇಕು. ಚಿಕಿತ್ಸೆ ಮಾತ್ರ ಒಂದಕ್ಕೊಂದು ಉಲ್ಟಾ. ಹೆಪ್ಪಿದ್ದವರಿಗೆ ಕರಗಿಸೋ ಔಷಧ ಜೀವ ಉಳಿಸಿದ್ರೆ, ರಕ್ತ ಸೋರುತ್ತಿರೋರಿಗೆ ಅದೇ ಔಷಧ ಪ್ರಾಣಕ್ಕೆ ಕುತ್ತು.

ನಾಲ್ಕೂವರೆ ಗಂಟೆಯ ಲೆಕ್ಕ

ಹೆಪ್ಪು ಕರಗಿಸೋ ಇಂಜೆಕ್ಷನ್ ಪಾರ್ಶ್ವವಾಯುವಿಗೆ ಉಪಯೋಗ ಅಂತ ಅಮೆರಿಕದ ಒಂದು ದೊಡ್ಡ ಅಧ್ಯಯನದಿಂದ ಗೊತ್ತಾಗಿದ್ದು 1995ರಲ್ಲಿ. ಆಗ ಮೂರು ಗಂಟೆಯೊಳಗೆ ಕೊಡಬೇಕು ಅಂತಿತ್ತು. 2008ರಲ್ಲಿ ಯುರೋಪಿನ ಅಧ್ಯಯನ ಬಂದ ಮೇಲೆ ನಾಲ್ಕೂವರೆ ಗಂಟೆ ಅಂತಾಯ್ತು. ಈಗ ದೊಡ್ಡ ರಕ್ತನಾಳ ಕಟ್ಟಿಕೊಂಡಿದ್ರೆ ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನ ಹೊರಗೆ ಎಳೆಯೋ ಚಿಕಿತ್ಸೆಯೂ ಇದೆ. ಅದನ್ನ ಕೆಲವರಿಗೆ ಮಾತ್ರ, ಸ್ಕ್ಯಾನ್ ನೋಡಿ, 24 ಗಂಟೆ ತನಕವೂ ಮಾಡ್ತಾರೆ. ಆದ್ರೆ ಎಲ್ಲ ಊರಲ್ಲೂ ಸಿಗೋಲ್ಲ. ಹಾಗಾಗಿ ನಮ್ಮ ನಿಮ್ಮಂಥವರು ನೆನಪಿಡಬೇಕಾದ ಸಂಖ್ಯೆ ನಾಲ್ಕೂವರೆ.

ಈಗ ಲೆಕ್ಕ ಹಾಕಿ. ಸಾಲಿಗ್ರಾಮದಿಂದ ಕೆ.ಆರ್. ನಗರ ದಾಟಿ ಮೈಸೂರಿನ ದೊಡ್ಡ ಆಸ್ಪತ್ರೆ ಬಾಗಿಲಿಗೆ ಬರೋಕೆ ಒಂದೂವರೆ ಗಂಟೆ ಅಂತ ಇಟ್ಕೊಳ್ಳಿ. ಆಸ್ಪತ್ರೆಯಲ್ಲಿ ಪರೀಕ್ಷೆ, ರಕ್ತ, ಸ್ಕ್ಯಾನ್ ಎಲ್ಲ ಮುಗಿದು ಸೂಜಿ ಚುಚ್ಚೋ ಹೊತ್ತಿಗೆ ಇನ್ನೊಂದು ಗಂಟೆ. ಎರಡೂವರೆ ಆಯ್ತು. ಉಳಿದದ್ದು ಎರಡು ಗಂಟೆ. ಆ ಎರಡು ಗಂಟೆ ಇರೋದು ನಮ್ಮ ಮನೆಯೊಳಗೆ, ನಮ್ಮ ಕೈಯಲ್ಲಿ. ಪಕ್ಕದ ಮನೆಯೋರನ್ನ ಕರೆದು, ಎಣ್ಣೆ ತಿಕ್ಕಿ, ದೊಡ್ಡ ಮಗ ಬರಲಿ ಅಂತ ಕಾದು, ಕಾರಿಗೆ ಹೇಳಿ, ಬಟ್ಟೆ ಜೋಡಿಸಿ ಹೊರಡೋ ಹೊತ್ತಿಗೆ ಆ ಎರಡು ಗಂಟೆ ಖರ್ಚಾಗಿರುತ್ತೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯೋರ ಲೆಕ್ಕವೂ ಹೆಚ್ಚುಕಡಿಮೆ ಹೀಗೇ. ಕಬಿನಿ ಹಿನ್ನೀರಿನ ಆಚೆ ಊರುಗಳಿಗೆ ಇನ್ನೂ ಬಿಗಿ.

ನಾಲ್ಕೂವರೆ ಗಂಟೆ ಇದೆಯಲ್ಲ ಅಂತ ನಿಧಾನ ಮಾಡೋದೂ ತಪ್ಪು. ದೊಡ್ಡ ರಕ್ತನಾಳ ಕಟ್ಟಿಕೊಂಡು ಚಿಕಿತ್ಸೆ ಸಿಗದಿದ್ರೆ ಒಂದೊಂದು ನಿಮಿಷಕ್ಕೂ ಸರಾಸರಿ 19 ಲಕ್ಷ ನರಕೋಶ ಸಾಯುತ್ತೆ ಅಂತ ಅಮೆರಿಕದ ನರವೈದ್ಯ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಕೊಟ್ಟಿದ್ರು. ಅದೇ ಇಂಜೆಕ್ಷನ್ ಒಂದನೇ ಗಂಟೆಯಲ್ಲಿ ಮಾಡೋ ಕೆಲಸವನ್ನ ನಾಲ್ಕನೇ ಗಂಟೆಯಲ್ಲಿ ಮಾಡಲ್ಲ.

ನಮ್ಮ ರಾಜ್ಯದಲ್ಲೇ ಎಲ್ಲರಿಗೂ ಗೊತ್ತಿರೋ ಒಂದು ಉದಾಹರಣೆ ಇದೆ. 2023ರ ಆಗಸ್ಟ್ ಕೊನೆಯಲ್ಲಿ ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರಿಗೆ ರಾತ್ರಿ ಹೊತ್ತು ಪಾರ್ಶ್ವವಾಯುವಿನ ಲಕ್ಷಣ ಕಾಣಿಸಿಕೊಂಡಿತು. ಅವರು ಬೆಳಗಾಗೋ ತನಕ ಕಾಯದೆ ನಸುಕಿನಲ್ಲೇ ಬೆಂಗಳೂರಿನ ಆಸ್ಪತ್ರೆ ಸೇರಿದ್ರು. ಕೆಲವೇ ದಿನದಲ್ಲಿ ಮನೆಗೆ ಬಂದು, ಇಂಥ ಲಕ್ಷಣ ಕಂಡ್ರೆ ಯಾರೂ ನಿರ್ಲಕ್ಷ್ಯ ಮಾಡಬೇಡಿ ಅಂತ ಸುದ್ದಿಗಾರರ ಮುಂದೆ ಹೇಳಿದ್ರು. 2024ರಲ್ಲಿ ಕೇಂದ್ರ ಸಚಿವರಾದ್ರು. ಅವರಿಗೇನು ಬಿಡಿ, ಕಾರಿದೆ, ಡಾಕ್ಟರು ಗೊತ್ತು ಅಂತೀರಾ? ನಿಜ. ಆದ್ರೆ ಅವರನ್ನ ಕಾಪಾಡಿದ ಮೊದಲ ಸಂಗತಿ ರಾತ್ರೋರಾತ್ರಿ ಹೊರಟಿದ್ದು. ಅಷ್ಟನ್ನ ನಾವೂ ಮಾಡಬಹುದು. 2008ರ ನವೆಂಬರ್‌ನಲ್ಲಿ ಶುರುವಾದ 108 ಆಂಬುಲೆನ್ಸ್ ಊರಿಗೂ ಬರುತ್ತೆ, ದುಡ್ಡೂ ಕೇಳಲ್ಲ. ಅದು ಬರೋದು ತಡ ಅನ್ನಿಸಿದ್ರೆ ಊರಲ್ಲಿ ಸಿಗೋ ಕಾರು, ಆಟೋ ಯಾವುದಾದ್ರೂ ಸರಿ, ಹೊರಟುಬಿಡಿ.

ಗುರುತಿಸೋದು ಹೇಗೆ?

ಇದಕ್ಕೆ ಡಾಕ್ಟರೇ ಆಗಬೇಕಿಲ್ಲ. ಫೋನಿನಲ್ಲಿ ನೀವು ಮೂರು ಕೆಲಸ ಹೇಳಿ, ಊರಲ್ಲಿರೋರು ಮಾಡಿ ನೋಡಲಿ.

ಮುಖ: "ನಗೀರಿ ನೋಡೋಣ" ಅನ್ನಿ. ಬಾಯಿಯ ಒಂದು ಕಡೆ ಜೋಲ್ತಿದೆಯಾ?

ಕೈ: ಎರಡೂ ಕೈ ಮುಂದೆ ಚಾಚಿ ಕಣ್ಣು ಮುಚ್ಚೋಕೆ ಹೇಳಿ. ಒಂದು ಕೈ ತಾನಾಗೇ ಕೆಳಗಿಳೀತಿದೆಯಾ?

ಮಾತು: "ಇವತ್ತು ಮಧ್ಯಾಹ್ನ ಮನೇಲಿ ಏನು ಸಾರು ಮಾಡಿದ್ರು ಹೇಳಿ" ಅಂತ ಕೇಳಿ. ಮಾತು ತೊದಲ್ತಿದೆಯಾ, ಬೇರೇನೋ ಹೇಳ್ತಿದ್ದಾರಾ, ಕೇಳಿದ್ದೇ ಅರ್ಥ ಆಗ್ತಿಲ್ಲವಾ?

ಮೂರರಲ್ಲಿ ಒಂದು ಇದ್ರೂ ಸಾಕು, ಹೊರಡಿ. ಇದ್ದಕ್ಕಿದ್ದ ಹಾಗೆ ಒಂದು ಕಣ್ಣು ಮಂಜಾಗೋದು, ಎರಡೆರಡು ಕಾಣೋದು, ನಡೆಯುವಾಗ ಒಂದೇ ಕಡೆ ವಾಲೋದು, ಹಿಂದೆಂದೂ ಬಾರದಂಥ ಭಯಂಕರ ತಲೆನೋವು ಬರೋದು ಇವೂ ಅದೇ ಗುಂಪಿಗೆ ಸೇರಿದ ಲಕ್ಷಣಗಳು. "ಇದ್ದಕ್ಕಿದ್ದ ಹಾಗೆ" ಅನ್ನೋದೇ ಇಲ್ಲಿ ಮುಖ್ಯ.

ನಾಲ್ಕನೇ ಪ್ರಶ್ನೆ ಗಡಿಯಾರದ್ದು. "ಕೊನೇ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?" ಅಂತ ಡಾಕ್ಟರು ಕೇಳೇ ಕೇಳ್ತಾರೆ. ಇದಕ್ಕೆ ಉತ್ತರ ಗೊತ್ತಿರೋದು ಮನೆಯ ಹೆಂಗಸಿಗೆ. ಐದು ಗಂಟೆಗೆ ಕಾಫಿ ಕೊಟ್ಟಾಗ ಚೆನ್ನಾಗಿ ಮಾತಾಡಿದ್ರು, ಏಳಕ್ಕೆ ಹಾಲು ಹಾಕಿ ಬಂದು ನೋಡಿದಾಗ ಹೀಗಿತ್ತು ಅಂತ ಅವಳು ಹೇಳಬಲ್ಲಳು. ಎಷ್ಟೋ ಮನೆಗಳಲ್ಲಿ ಆಸ್ಪತ್ರೆಗೆ ಗಂಡಸರು ಹೋಗ್ತಾರೆ, ಹೊತ್ತು ಗೊತ್ತಿರೋಳು ಮನೇಲೇ ಉಳೀತಾಳೆ. ಹಾಗೆ ಮಾಡಬೇಡಿ. ಅವಳೂ ಗಾಡಿ ಹತ್ತಲಿ, ಆಗದಿದ್ರೆ ಹೊತ್ತನ್ನ ಒಂದು ಚೀಟಿಯಲ್ಲಿ ಬರೆದು ಕೊಡಲಿ. ನಿದ್ದೆಯಿಂದ ಏಳುವಾಗಲೇ ಹೀಗಾಗಿದ್ರೆ, ರಾತ್ರಿ ಮಲಗಿದ ಹೊತ್ತಿನಿಂದ ಲೆಕ್ಕ. ಹಾಗಂತ ಹೊತ್ತು ಮೀರಿದೆ ಅಂತ ನೀವೇ ತೀರ್ಮಾನ ಮಾಡಬೇಡಿ. ಸ್ಕ್ಯಾನ್ ನೋಡಿ ಮಾಡೋ ಚಿಕಿತ್ಸೆ ಇದೆ ಅಂದೆನಲ್ಲ.

ಇನ್ನೊಂದು ಮೋಸದ ಸಂಗತಿ ಇದೆ. ಕೆಲವರಿಗೆ ಹತ್ತು ನಿಮಿಷ, ಅರ್ಧ ಗಂಟೆ ಕೈ ಬಿದ್ದುಹೋಗಿ, ಮಾತು ನಿಂತು, ಆಮೇಲೆ ತಾನಾಗೇ ಸರಿಹೋಗುತ್ತೆ. "ದೇವರು ದೊಡ್ಡೋನು, ಸರಿಹೋಯ್ತು" ಅಂತ ದೀಪ ಹಚ್ಚಿ ಸುಮ್ಮನಾಗ್ತಾರೆ. ದೀಪ ಹಚ್ಚಿ, ಆದ್ರೆ ಅವತ್ತೇ ಆಸ್ಪತ್ರೆಗೂ ಹೋಗಿ. ಇದು ದೊಡ್ಡ ಪಾರ್ಶ್ವವಾಯು ಬರೋ ಮುಂಚಿನ ಎಚ್ಚರಿಕೆ ಗಂಟೆ. ಮುಂದಿನ ಎರಡು ದಿನವೇ ಹೆಚ್ಚು ಅಪಾಯದ್ದು.

ಇವನ್ನ ಮಾಡಲೇಬೇಡಿ

ನೀರು, ಕಾಫಿ, ಸಕ್ಕರೆ ನೀರು ಏನೂ ಕುಡಿಸಬೇಡಿ. ಗಂಟಲಿನ ನರಗಳೂ ಕೆಲಸ ನಿಲ್ಲಿಸಿರಬಹುದು. ಕುಡಿಸಿದ್ದು ಶ್ವಾಸಕೋಶಕ್ಕೆ ಹೋದ್ರೆ ನ್ಯುಮೋನಿಯಾ ಆಗುತ್ತೆ. ಸಕ್ಕರೆ ಕಾಯಿಲೆ ಇದ್ದು ಇನ್ಸುಲಿನ್ ಅಥವಾ ಮಾತ್ರೆ ತಗೊಳ್ತಿದ್ರೆ ಅದನ್ನ 108ರವರಿಗೆ ಮೊದಲೇ ಹೇಳಿ. ಸಕ್ಕರೆ ತೀರಾ ಇಳಿದ್ರೂ ಹೀಗೇ ಕಾಣೋದುಂಟು, ಅವರು ಪರೀಕ್ಷೆ ಮಾಡ್ತಾರೆ.

"ರಕ್ತ ತೆಳು ಮಾಡುತ್ತಂತೆ" ಅಂತ ಆಸ್ಪಿರಿನ್ ಕೊಡಬೇಡಿ. ಎದೆನೋವಿನ ವಿಷಯ ಬೇರೆ. ಇಲ್ಲಿ ಒಳಗೆ ಹೆಪ್ಪೋ ಸೋರಿಕೆಯೋ ನಿಮಗೆ ಗೊತ್ತಿಲ್ಲ. ಬಿ.ಪಿ. ಜಾಸ್ತಿ ಇದೆ ಅಂತ ಮನೆಯಲ್ಲಿರೋ ಬಿ.ಪಿ. ಮಾತ್ರೆಯನ್ನೂ ನುಂಗಿಸಬೇಡಿ.

ಹತ್ತೂ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದ್ರೆ ಲಕ್ವ ನಿಲ್ಲುತ್ತೆ ಅಂತ ಮೊಬೈಲಿನಲ್ಲಿ ಒಂದು ಸಂದೇಶ ವರ್ಷಗಳಿಂದ ತಿರುಗ್ತಾ ಇದೆ. ಅದರಲ್ಲಿ ಸತ್ಯ ಇಲ್ಲ. ನಿಮ್ಮ ಗುಂಪಿಗೆ ಬಂದ್ರೆ ಮುಂದಕ್ಕೆ ಕಳಿಸಬೇಡಿ, ಕಳಿಸಿದೋರಿಗೆ ನಯವಾಗಿ ತಿಳಿಸಿ.

ವಾಂತಿ ಆಗ್ತಿದ್ರೆ, ಎಚ್ಚರ ತಪ್ಪಿದ್ರೆ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬರೀ ಬಾಯಿ ಸೊಟ್ಟಗಾಗಿ ಕೈಕಾಲು ಸರಿ ಇರೋ ಇನ್ನೊಂದು ಕಾಯಿಲೆಯೂ ಇದೆ, ಅದು ಮುಖದ ನರದ್ದು. ಯಾವುದು ಅಂತ ತೀರ್ಮಾನಿಸೋದು ಡಾಕ್ಟರ ಕೆಲಸ. ನಮ್ಮ ಕೆಲಸ ಹೊರಡೋದು.

'ಶಾಕ್' ಅಂದ್ರೆ ಏನು?

ಮಿದುಳು, ಬೆನ್ನುಹುರಿಗೆ ಪೆಟ್ಟು ಬಿದ್ದಾಗ ಡಾಕ್ಟರು "ಶಾಕ್‌ನಲ್ಲಿದ್ದಾರೆ" ಅಂತಾರೆ. ನಾವು "ಹೆದರಿಬಿಟ್ಟಿದ್ದಾರೆ ಪಾಪ" ಅಂದ್ಕೊಳ್ತೀವಿ. ನಮಗೆ ಶಾಕ್ ಅಂದ್ರೆ ಕರೆಂಟು ಹೊಡೆಯೋದು, ಇಲ್ಲಾ ಕೆಟ್ಟ ಸುದ್ದಿ ಕೇಳಿ ದಿಗ್ಭ್ರಮೆ ಆಗೋದು. ಡಾಕ್ಟರ ಶಾಕ್ ಬೇರೆ. ದೇಹದ ಅಂಗಗಳಿಗೆ ಸಾಕಷ್ಟು ರಕ್ತ ಹೋಗದೆ ಬಿ.ಪಿ. ಕುಸಿದುಬಿಡೋದನ್ನ ಅವರು ಶಾಕ್ ಅಂತಾರೆ. ಅದು ಪ್ರಾಣಕ್ಕೆ ಅಪಾಯ.

ತೆಂಗಿನ ಮರದಿಂದ ಬಿದ್ದವರು, ಬೈಕಿನಿಂದ ಬಿದ್ದವರು, ಟ್ರ್ಯಾಕ್ಟರಿಂದ ಉರುಳಿದವರು ನಮ್ಮ ಕಡೆ ಕಡಿಮೆಯೇನಿಲ್ಲ. ಕತ್ತು ಅಥವಾ ಬೆನ್ನಿನ ಮೇಲ್ಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾದ್ರೆ ರಕ್ತನಾಳಗಳನ್ನ ಬಿಗಿಯಾಗಿ ಹಿಡಿದಿಡೋ ನರಗಳ ಅಪ್ಪಣೆ ನಿಂತುಹೋಗುತ್ತೆ. ರಕ್ತನಾಳ ಸಡಿಲವಾಗಿ ಬಿ.ಪಿ. ಇಳಿಯುತ್ತೆ. ಸಾಮಾನ್ಯವಾಗಿ ರಕ್ತ ಹೋಗಿ ಶಾಕ್ ಆದವರ ಮೈ ತಣ್ಣಗೆ ಬೆವರಿರುತ್ತೆ, ನಾಡಿ ಓಡ್ತಿರುತ್ತೆ. ಇವರಿಗೆ ಮೈ ಬೆಚ್ಚಗೆ ಒಣಗಿರಬಹುದು, ನಾಡಿ ನಿಧಾನ ಇರಬಹುದು. ಮೈ ಬೆಚ್ಚಗಿದೆಯಲ್ಲ ಅಂತ ಮೋಸ ಹೋಗಬಾರದು. ಬಿದ್ದವರನ್ನ ಕೈ ಕಾಲು ಹಿಡಿದು ಮೂಟೆ ಥರ ಎತ್ತಿ ಆಟೋದೊಳಗೆ ಮಡಚಿ ಕೂರಿಸೋದು ಎಲ್ಲಕ್ಕಿಂತ ಕೆಟ್ಟದ್ದು. ಕತ್ತು ಅಲ್ಲಾಡದ ಹಾಗೆ ಒಬ್ಬರು ತಲೆ ಹಿಡೀಬೇಕು, ನಾಲ್ಕು ಜನ ಸೇರಿ ಮರದ ದಿಮ್ಮಿ ಹೊರಳಿಸಿದ ಹಾಗೆ ಒಟ್ಟಿಗೆ ಹೊರಳಿಸಿ ಹಲಗೆ ಮೇಲೆ ಮಲಗಿಸಬೇಕು. ಇಲ್ಲಿ ಮಾತ್ರ 108 ಬರೋ ತನಕ ಅಲ್ಲಾಡಿಸದೆ ಕಾಯೋದೇ ಒಳ್ಳೇದು.

ಇನ್ನೊಂದು ಶಾಕ್ ನರಗಳದ್ದೇ. ಬೆನ್ನುಹುರಿಗೆ ಪೆಟ್ಟಾದ ಮೊದಲ ದಿನಗಳಲ್ಲಿ ಪೆಟ್ಟಿನ ಕೆಳಗಿನ ಭಾಗವೆಲ್ಲ ಒದ್ದೆ ಬಟ್ಟೆಯ ಹಾಗೆ ಬಿದ್ದಿರುತ್ತೆ. ಮೂತ್ರ ಕೂಡ ತಾನಾಗಿ ಬರೋಲ್ಲ. ದಿನಗಳೋ ವಾರಗಳೋ ಕಳೆದ ಮೇಲೆ ಆ ಶಾಕ್ ಇಳಿಯುತ್ತೆ, ಆಗಲೇ ನಿಜವಾಗಿ ಎಷ್ಟು ಹಾಳಾಗಿದೆ, ಎಷ್ಟು ಉಳಿದಿದೆ ಅಂತ ಗೊತ್ತಾಗೋದು. ಪಾರ್ಶ್ವವಾಯುವಿನಲ್ಲೂ ಇದರ ನೆಂಟನಂಥದ್ದು ಒಂದಿದೆ. ಸತ್ತ ಜಾಗದ ಜೊತೆ ಸಂಪರ್ಕ ಇದ್ದ ದೂರದ ಜಾಗಗಳೂ ಕೆಲಕಾಲ ಮಂಕಾಗುತ್ತವೆ. ಒಂದು ಕಡೆ ತಂತಿ ಕಡಿದುಬಿದ್ರೆ ಲೈನ್‌ಮನ್ ಇಡೀ ಬೀದಿಯ ಕರೆಂಟು ತೆಗೆಯೋಲ್ವೇ, ಹಾಗೆ. ಕಡಿದ ತಂತಿಯ ಮನೆಗೆ ಕರೆಂಟು ಬರೋದು ತಡ ಆಗಬಹುದು, ಬಾರದೇ ಹೋಗಬಹುದು. ಉಳಿದ ಮನೆಗಳಿಗೆ ಬಂದೇ ಬರುತ್ತೆ. ಮೊದಲ ವಾರ ಕತ್ತಲೆ ಇದೆ ಅಂತ ಇಡೀ ಬೀದಿಯ ಆಸೆ ಬಿಡಬಾರದು.

ಆಮೇಲೆ ಬೇಕಾದ್ದು ತಾಳ್ಮೆ

ಮೊದಮೊದಲು ಮೆತ್ತಗಿದ್ದ ಕೈಕಾಲು ಕೆಲವು ವಾರಕ್ಕೆ ಬಿಗಿಯೋಕೆ ಶುರುವಾಗುತ್ತೆ. ಆಗ ಮನೆಯೋರಿಗೆ ಗಾಬರಿ. ಇದು ಅನೇಕರಲ್ಲಿ ಬರೋ ಹಂತ. ಅದಕ್ಕೆ ಸರಿಯಾಗಿ ವ್ಯಾಯಾಮ ಬದಲಾಯಿಸಬೇಕು, ಇಲ್ಲದಿದ್ರೆ ಕೀಲು ಅಲ್ಲೇ ಮಡಚಿಕೊಂಡು ನಿಲ್ಲುತ್ತೆ. ಚೇತರಿಕೆ ಮೊದಲ ಮೂರು ತಿಂಗಳು ಜೋರಾಗಿರುತ್ತೆ, ಆರು ತಿಂಗಳ ತನಕವೂ ಚೆನ್ನಾಗಿ ಕಾಣುತ್ತೆ, ಆಮೇಲೂ ನಿಧಾನವಾಗಿ ನಡೀತಾನೇ ಇರುತ್ತೆ. ಸತ್ತ ನರಕೋಶ ಮತ್ತೆ ಹುಟ್ಟೋಲ್ಲ. ಪಕ್ಕದ ಕೋಶಗಳು ಆ ಕೆಲಸ ಕಲಿಯುತ್ತವೆ. ಕಲಿಯೋಕೆ ದಿನಾ ಅಭ್ಯಾಸ ಬೇಕು, ಮಗು ಅಕ್ಷರ ತಿದ್ದಿದ ಹಾಗೆ. ಫಿಸಿಯೋಥೆರಪಿಯವರು ವಾರಕ್ಕೆ ಎರಡು ಸಲ ಬಂದು ಹೋದ್ರೆ ಸಾಲದು, ಅವರು ಹೇಳಿಕೊಟ್ಟಿದ್ದನ್ನ ದಿನಕ್ಕೆ ಮೂರ್ನಾಲ್ಕು ಸಲ ಮನೇಲಿ ಮಾಡಿಸಬೇಕು.

ಮಲಗಿದಲ್ಲೇ ಇರೋರನ್ನ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ, ಬೆನ್ನು ಹುಣ್ಣಾಗೋದು ತಪ್ಪುತ್ತೆ. ಎಬ್ಬಿಸುವಾಗ ಬಿದ್ದ ಕೈ ಹಿಡಿದು ಎಳೀಬೇಡಿ, ಭುಜದ ಕೀಲು ಜಾರುತ್ತೆ. ನುಂಗೋದು ಸರಿಯಾಗಿದೆ ಅಂತ ಡಾಕ್ಟರು ಹೇಳೋ ತನಕ ಬಾಯಿಗೆ ಏನೂ ಹಾಕಬೇಡಿ.

ಮಾತು ಹೋದವರ ಸಂಕಟ ಬೇರೆಯದು. ಅವರಿಗೆ ಬುದ್ಧಿ ಹೋಗಿರೋಲ್ಲ, ಪದ ಮಾತ್ರ ಸಿಗೋಲ್ಲ. ಅವರೆದುರೇ "ಇವರಿಗೆ ಏನೂ ತಿಳಿಯೋಲ್ಲ ಬಿಡಿ" ಅಂತ ಬಂದವರ ಹತ್ರ ಹೇಳಿದ್ರೆ ಎಷ್ಟು ನೋವಾಗಬೇಡ? ಚಿಕ್ಕ ಚಿಕ್ಕ ವಾಕ್ಯದಲ್ಲಿ, ಹೌದು-ಅಲ್ಲ ಅನ್ನೋಕೆ ಬರೋ ಹಾಗೆ ಕೇಳಿ, ಉತ್ತರಕ್ಕೆ ಕಾಯಿರಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ಕೇಂದ್ರ ಸರ್ಕಾರದ ಸಂಸ್ಥೆ. ಕಿವಿ ಕೇಳದ ಮಕ್ಕಳಿಗೆ ಮಾತ್ರ ಅಂತ ಬಹಳ ಜನ ತಿಳ್ಕೊಂಡಿದ್ದಾರೆ, ಪಾರ್ಶ್ವವಾಯುವಿನಿಂದ ಮಾತು ಕಳ್ಕೊಂಡ ದೊಡ್ಡವರಿಗೂ ಅಲ್ಲಿ ತರಬೇತಿ ಉಂಟು. ನಮ್ಮ ಬಾಗಿಲಲ್ಲೇ ಇರೋದನ್ನ ಉಪಯೋಗಿಸಿಕೊಳ್ಳೋಣ.

ಪಾರ್ಶ್ವವಾಯು ಆದವರಲ್ಲಿ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತೆ. ಕೆಲವರು ಕಾರಣ ಇಲ್ಲದೆ ಅಳ್ತಾರೆ, ಇನ್ನು ಕೆಲವರು ರೇಗ್ತಾರೆ, ವ್ಯಾಯಾಮ ಬೇಡ ಅಂತ ಹಟ ಮಾಡ್ತಾರೆ. "ಸೋಮಾರಿತನ" ಅಂತ ಬೈಬೇಡಿ. ಇದಕ್ಕೂ ಔಷಧ ಇದೆ, ಡಾಕ್ಟರಿಗೆ ಹೇಳಿ. ಇನ್ನು ನೋಡಿಕೊಳ್ಳೋಳ ಕಥೆ ಕೇಳೋರು ಯಾರು? ಬೆಡ್‌ಪ್ಯಾನ್, ಬಟ್ಟೆ, ಊಟ, ವ್ಯಾಯಾಮ ಎಲ್ಲ ಒಬ್ಬಳ ತಲೆಗೇ ಬಂದು, ರಾತ್ರಿ ನಿದ್ದೆಯಿಲ್ಲದೆ ಅವಳ ಬಿ.ಪಿ. ಏರಿದ್ರೆ ಮನೇಲಿ ಇಬ್ಬರು ರೋಗಿಗಳಾಗ್ತಾರೆ. ಗಂಡ, ನಾದಿನಿ, ಮೈದುನ, ಬೆಳೆದ ಮಕ್ಕಳು ಪಾಳಿ ಹಾಕ್ಕೊಳ್ಳಬೇಕು. ಕೇಳೋಕೆ ಸಂಕೋಚ ಬೇಡ. ವಾರಕ್ಕೆ ಅರ್ಧ ದಿನ ನಿಮಗೇ ಅಂತ ಇಟ್ಕೊಳ್ಳಿ.

ಹೆಣ್ಣುಮಕ್ಕಳ ಗಮನಕ್ಕೆ

ಇದು ಮುದುಕರ ಕಾಯಿಲೆ ಅಂತ ತಿಳಿಯಬೇಡಿ. ಬಾಣಂತಿಯರಿಗೆ ಮಿದುಳಿನಿಂದ ರಕ್ತ ವಾಪಸು ಹೋಗೋ ಅಭಿಧಮನಿಯಲ್ಲಿ ಹೆಪ್ಪುಗಟ್ಟಿ ಪಾರ್ಶ್ವವಾಯು ಬರೋದುಂಟು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1980ರ ದಶಕದಿಂದಲೂ ಇದರ ಬಗ್ಗೆ ಬರೆದಿದ್ದಾರೆ. ಬಾಣಂತಿಗೆ ನೀರು ಕೊಡಬಾರದು ಅನ್ನೋ ಪದ್ಧತಿ ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಹೆರಿಗೆಯಾದ ಮೇಲೆ ರಕ್ತ ಹೆಪ್ಪುಗಟ್ಟೋ ಸ್ವಭಾವ ಮೊದಲೇ ಹೆಚ್ಚು, ಅದರ ಮೇಲೆ ನೀರೂ ಕೊಡದಿದ್ರೆ ರಕ್ತ ಗಟ್ಟಿಯಾಗೋಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಬಾಣಂತಿಗೆ ಬಿಡದ ತಲೆನೋವು, ವಾಂತಿ, ಕಣ್ಣು ಮಂಜು, ಫಿಟ್ಸ್ ಬಂದ್ರೆ "ಬಾಣಂತಿ ಸನ್ನಿ" ಅಂತ ಕೋಣೆಯಲ್ಲಿ ಮಲಗಿಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಹಬ್ಬಕ್ಕೆ, ಮದುವೆಗೆ ಅಂತ ಮುಟ್ಟು ಮುಂದೂಡೋ ಮಾತ್ರೆಯನ್ನ ಮೆಡಿಕಲ್ ಸ್ಟೋರಿನಲ್ಲಿ ನಾವೇ ಕೇಳಿ ತಗೊಳ್ಳೋದು, ಪಕ್ಕದ ಮನೆಯೋಳಿಗೂ ಎರಡು ಕೊಡೋದು ನಿಲ್ಲಲಿ. ಹಾರ್ಮೋನ್ ಮಾತ್ರೆ ಯಾವುದೇ ಆಗಲಿ ಡಾಕ್ಟರನ್ನ ಕೇಳಿ ತಗೊಳ್ಳಿ. ಅರೆತಲೆನೋವು, ಬಿ.ಪಿ. ಇರೋರು ಅದನ್ನ ಮೊದಲೇ ಹೇಳಿ. ಬಸುರಿಯಲ್ಲಿ ಬಿ.ಪಿ. ಬಂದಿದ್ದವರು ಆಮೇಲೂ ವರ್ಷಕ್ಕೊಮ್ಮೆ ನೋಡಿಸಿಕೊಳ್ಳಿ.

ಬಾರದ ಹಾಗೆ

ಪಾರ್ಶ್ವವಾಯುವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಬಿ.ಪಿ. ಅದಕ್ಕೆ ನೋವಿಲ್ಲ, ತುರಿಕೆಯಿಲ್ಲ, ಆದ್ದರಿಂದ ಬೆಲೆಯೂ ಇಲ್ಲ. "ಈಗ ನಾರ್ಮಲ್ ಇದೆ" ಅಂತ ಮಾತ್ರೆ ನಿಲ್ಲಿಸೋರೇ ಹೆಚ್ಚು. ನಾರ್ಮಲ್ ಇರೋದು ಮಾತ್ರೆಯಿಂದ. 140/90 ದಾಟಿದ್ರೆ ಡಾಕ್ಟರ ಹತ್ರ ಹೋಗಿ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅಂದ್ರೆ ಒಂದು ಟೀ ಚಮಚದಷ್ಟು. ಅದರಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಸೇರಿತು. ಸಕ್ಕರೆ ಕಾಯಿಲೆ, ನಾಡಿ ತಾಳ ತಪ್ಪೋದು ಇದ್ರೆ ಚಿಕಿತ್ಸೆ ಬಿಡಬೇಡಿ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಹೊಗೆಸೊಪ್ಪು ಬೆಳೆಯೋ ನಾಡು. ಗಂಡಸರ ಬೀಡಿ ಎಲ್ಲರಿಗೂ ಕಾಣುತ್ತೆ. ಅಜ್ಜಿಯಂದಿರ ಎಲೆ-ಅಡಿಕೆ ಜೊತೆಗಿನ ಹೊಗೆಸೊಪ್ಪನ್ನ ಯಾರೂ ಲೆಕ್ಕಕ್ಕೆ ಹಿಡಿಯೋಲ್ಲ. ಅದೂ ರಕ್ತನಾಳಕ್ಕೆ ಕೆಡುಕೇ.

ಫೋನ್ ಪಕ್ಕ ಬರೆದಿಡಿ

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಮಳೆ-ಬೆಳೆ ವಿಚಾರಿಸಿದ ಮೇಲೆ ಇಷ್ಟು ಕೆಲಸ ಮಾಡಿ. ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ, ಗೋಡೆಗೆ ಅಂಟಿಸೋಕೆ ಹೇಳಿ.

1. ಮುಖ, ಕೈ, ಮಾತು: ಒಂದು ಕೆಟ್ಟರೂ ತಕ್ಷಣ 108.
2. ಕೊನೇ ಸಲ ಸರಿಯಾಗಿದ್ದ ಹೊತ್ತು ಬರೆದುಕೊಳ್ಳಿ.
3. ಬಾಯಿಗೆ ಏನೂ ಹಾಕಬೇಡಿ.
4. ದಿನಾ ತಗೊಳ್ಳೋ ಮಾತ್ರೆಗಳ ಚೀಟಿ, ಆಧಾರ್, ರೇಷನ್ ಕಾರ್ಡ್ ಒಂದೇ ಚೀಲದಲ್ಲಿ. ರಕ್ತ ತೆಳುವಾಗಿಸೋ ಮಾತ್ರೆ ಇದ್ದರೆ ಮೊದಲು ಹೇಳಿ.
5. ರಾತ್ರಿ ಕರೆದ್ರೂ ಬರೋ ಇಬ್ಬರು ಗಾಡಿಯವರ ನಂಬರು.

ಇನ್ನೊಂದು ಕೆಲಸ ನಿಮ್ಮದು. ಊರಿಗೆ ಹತ್ತಿರದಲ್ಲಿ ಇಪ್ಪತ್ನಾಲ್ಕು ಗಂಟೆಯೂ ಸಿಟಿ ಸ್ಕ್ಯಾನ್ ಇದ್ದು, ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋ ಆಸ್ಪತ್ರೆ ಯಾವುದು ಅಂತ ಇವತ್ತೇ ಫೋನ್ ಮಾಡಿ ವಿಚಾರಿಸಿ, ಹೆಸರು, ನಂಬರನ್ನ ಅದೇ ಹಾಳೆಯಲ್ಲಿ ಆರನೇ ಸಾಲಾಗಿ ಸೇರಿಸಿ. ಗಾಬರಿಯಾದ ರಾತ್ರಿಯಲ್ಲಿ ಹುಡುಕ್ತಾ ಕೂತ್ರೆ ಆ ಎರಡು ಗಂಟೆಯಲ್ಲಿ ಅರ್ಧ ಅಲ್ಲೇ ಹೋಗುತ್ತೆ.